ಗಿಡಗಳ ವಿಕಾಸ, ಜೀನೋಮ್ ಅಂತ ಸಂಶೋಧನೆ ಮಾಡುವವರ ಬದುಕು ಹೇಗಿರುತ್ತೆ?

ಬಿ.ಎಸ್ಸಿ. ಓದ್ತಿದ್ದೀನಿ, ಈ ದಾರಿ ಹಿಡಿದರೆ ದಿನವಿಡೀ ಮಾಡೋದೇನು, ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ, ಬಹುಪಾಲು ರಾಗಿಯ ಜೊತೆ. ಜೀನೋಮ್ ಅಂದ್ರೆ ಒಂದು ಜೀವಿಯ ಪೂರ್ತಿ ಡಿಎನ್‌ಎ.

ರಾಗಿ ನಮ್ಮದೇ ಅಂದುಕೊಂಡಿರ್ತೀವಿ. ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಅದರ 36 ವರ್ಣತಂತುಗಳು ಎರಡು ಬೇರೆ ಬೇರೆ ಹುಲ್ಲುಗಳಿಂದ ಬಂದ 18ರ ಎರಡು ಕಂತೆ. ಒಂದು ಕಂತೆ ಎಲ್ಯುಸಿನ್ ಇಂಡಿಕಾ ಅನ್ನೋ ಕಳೆಯದ್ದು, ಇಲ್ಲಾ ಅದರ ಹತ್ತಿರದ ಬಂಧುವಿನದ್ದು. ಇನ್ನೊಂದನ್ನು ಕೊಟ್ಟ ಹುಲ್ಲು ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ, ಅಳಿದೇ ಹೋಗಿರಬಹುದು. ನನ್ನನ್ನು ಹಿಡಿದಿಟ್ಟದ್ದು ಇದೇ.

ಯಂತ್ರ ಡಿಎನ್‌ಎಯನ್ನು ಚೂರುಚೂರಾಗಿ ಓದುತ್ತೆ. ಅವಳಿ ಮಕ್ಕಳ ಬಟ್ಟೆಯೆಲ್ಲ ಒಂದೇ ಬಕೆಟ್ಟಿಗೆ ಬಿದ್ದ ಹಾಗೆ, ಯಾವ ಚೂರು ಯಾವ ಕಂತೆಯದ್ದು ಅಂತ ಬಿಡಿಸೋದರಲ್ಲೇ ತಿಂಗಳುಗಳು ಕಳೆಯುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2017ರಲ್ಲಿ ಎಂಎಲ್-365 ಅನ್ನೋ ರಾಗಿ ತಳಿಯ ಜೀನೋಮ್ ಪ್ರಕಟಿಸಿದಾಗ ನಮ್ಮಂಥವರಿಗೆ ಹಿಡಿದುಕೊಳ್ಳಲು ಒಂದು ದಾರ ಸಿಕ್ಕಿತು.

ದಿನದ ಮುಕ್ಕಾಲು ಭಾಗ ಕಂಪ್ಯೂಟರ್ ಮುಂದೆಯೇ. ಉಳಿದದ್ದು ದ್ರವ ಸಾರಜನಕದಲ್ಲಿ ಎಲೆ ಅರೆಯೋದು, ಡಿಎನ್‌ಎ ತೆಗೆಯೋದು, ಕೊಳವೆಗೆ ಹೆಸರು ಬರೆಯೋದು. ನಗಬೇಡಿ, ಪಿಎಚ್‌.ಡಿ.ಯ ಎರಡನೇ ವರ್ಷ ಚೆಲ್ಲಿದ ಆಲ್ಕೋಹಾಲ್‌ಗೆ ನನ್ನ ಮಾರ್ಕರ್ ಅಕ್ಷರಗಳೆಲ್ಲ ತೊಳೆದುಹೋದವು. ಮತ್ತೆ ಬಿತ್ತಿ, ನಾಲ್ಕು ತಿಂಗಳು ಕಾದೆ. ಆಮೇಲಿಂದ ಪೆನ್ಸಿಲ್ಲೇ ಗತಿ.

ದುಡ್ಡಿನ ಮಾತು. ನೆಟ್-ಜೆಆರ್‌ಎಫ್ (ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಪಡೆಯೋ ಸಂಶೋಧನಾ ವೇತನ) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಪಿಎಚ್‌.ಡಿ.ಗೆ ಐದಾರು ವರ್ಷ, ಆಮೇಲೆ ಗುತ್ತಿಗೆ ಕೆಲಸಗಳು. ಕಾಯಂ ಹುದ್ದೆ ಬರುವಷ್ಟರಲ್ಲಿ ನಿಮ್ಮ ಜೊತೆಯವರು ಮನೆ ಕಟ್ಟಿಸಿರ್ತಾರೆ. ಮನೆಯವರಿಗೆ ಇದನ್ನು ಈಗಲೇ ಹೇಳಿಬಿಡಿ.

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋದನ್ನ ಇವತ್ತೇ ಶುರುಮಾಡಿ. ಆದರೆ ಹೊಲ ಬಿಡಬೇಡಿ. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದ್ದು ಜೀನೋಮ್ ಓದಿ ಅಲ್ಲ, ತೆನೆ ನೋಡಿ ಗಿಡ ಆರಿಸಿ. ನಮ್ಮಲ್ಲಿ ಕೋಡ್ ಬಲ್ಲ ಎಷ್ಟೋ ಹುಡುಗರಿಗೆ ರಾಗಿ ಪೈರು ಯಾವುದು, ಕಳೆ ಯಾವುದು ಅಂತ ಗುರುತು ಹಿಡಿಯೋಕಾಗಲ್ಲ.

ಈ ಮಳೆಗಾಲ ಮುಗಿಯೋದರೊಳಗೆ ಆ ಎಲ್ಯುಸಿನ್ ಇಂಡಿಕಾ ಕಳೆಯ ಒಂದು ತೆನೆ ಕಿತ್ತು ರಾಗಿ ತೆನೆಯ ಪಕ್ಕ ಇಟ್ಟು ನೋಡಿ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಮುಂದಿನದು ಮಾತಾಡೋಣ.