ಮಂಜುನಾಥ, ಬಸವರಾಜ, ಕೊಟ್ರೇಶ: ಒಂದೇ ಹೆಸರು ಇಷ್ಟು ಜನಕ್ಕೆ ಯಾಕೆ?

ಕರ್ನಾಟಕದಲ್ಲಿ ಎಲ್ಲಿ ಹೋದರೂ ಮಂಜುನಾಥ, ಬಸವರಾಜ, ತಿಪ್ಪೇಸ್ವಾಮಿ ಅಂತ ಅವೇ ಹೆಸರು ಸಿಗುತ್ತವಲ್ಲ, ಇವೆಲ್ಲ ಎಲ್ಲಿಂದ ಬಂದವು ಅಂತ ಕೇಳಿದ್ದೀರಿ. ನನ್ನ ಹೆಸರಿನಿಂದಲೇ ಶುರು ಮಾಡುತ್ತೇನೆ. ನಾನು ಕೊಟ್ರೇಶ. ಹೈಸ್ಕೂಲಿನಲ್ಲಿ ನಮ್ಮ ಕ್ಲಾಸಿನಲ್ಲೇ ಐದು ಜನ ಕೊಟ್ರೇಶರಿದ್ದೆವು. ಹಾಜರಿ ಕೂಗುವಾಗ ಮೇಷ್ಟ್ರು ಇನಿಷಿಯಲ್ ಸೇರಿಸಿಯೇ ಕರೆಯಬೇಕಿತ್ತು.

ಈ ಹೆಸರು ಕೊಟ್ಟೂರಿನದು. ವಿಜಯನಗರ ಜಿಲ್ಲೆಯ ಕೊಟ್ಟೂರಿನಲ್ಲಿ ಗುರು ಬಸವೇಶ್ವರನ ಗುಡಿ ಇದೆ. ಜನರ ಬಾಯಲ್ಲಿ ಅವನು ಕೊಟ್ಟೂರೇಶ್ವರ. ಅದೇ ಸವೆದು ಸವೆದು ಕೊಟ್ರೇಶ, ಕೊಟ್ರಪ್ಪ, ಕೊಟ್ರಬಸಪ್ಪ, ಕೊಟ್ರಮ್ಮ ಆಗಿದೆ. ಮಕ್ಕಳಾಗದವರು, ಹುಟ್ಟಿದ ಕೂಸು ಉಳಿಯದವರು ಅಲ್ಲಿಗೆ ಹರಕೆ ಹೊರುತ್ತಾರೆ. ಕೂಸಾದರೆ ನಿನ್ನ ಹೆಸರೇ ಇಡುತ್ತೇವೆ ಅಂತ. ಬೆಂಗಳೂರಿನಲ್ಲಿ ಯಾರಾದರೂ ಕೊಟ್ರೇಶ ಸಿಕ್ಕರೆ ‘ಹರಪನಹಳ್ಳಿನಾ, ಹಡಗಲಿನಾ, ಕೂಡ್ಲಿಗಿನಾ?’ ಅಂತ ಕೇಳುತ್ತೇನೆ. ಮೂರರಲ್ಲಿ ಒಂದು ಸರಿಯಾಗುವುದೇ ಜಾಸ್ತಿ.

ನಮ್ಮ ಹಳೆಯ ಹೆಸರುಗಳಲ್ಲಿ ಊರಿನ ವಿಳಾಸವೇ ಇರುತ್ತದೆ. ತಿಪ್ಪೇಸ್ವಾಮಿ ಅಂದರೆ ಚಳ್ಳಕೆರೆ ಕಡೆಯ ನಾಯಕನಹಟ್ಟಿ. ಮಾದೇಶ, ಮಾದಪ್ಪ ಅಂದರೆ ಮಲೆ ಮಹದೇಶ್ವರ ಬೆಟ್ಟ. ನಂಜುಂಡ ಅಂದರೆ ನಂಜನಗೂಡು, ಯಲ್ಲಪ್ಪ ಯಲ್ಲವ್ವ ಅಂದರೆ ಸವದತ್ತಿ, ಪಂಪಾಪತಿ ಅಂದರೆ ಹಂಪಿ. ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ ಅಲ್ವಾ? ಅದು ಕಾವೇರಿ ದಡದ ಮುತ್ತತ್ತಿಯ ಆಂಜನೇಯನದು.

ಹಾಗಾದರೆ ಮಂಜುನಾಥ ಮಾತ್ರ ಎಲ್ಲ ಜಿಲ್ಲೆಯಲ್ಲೂ ಯಾಕೆ? ಯಾಕೆಂದರೆ ಧರ್ಮಸ್ಥಳಕ್ಕೆ ಎಲ್ಲ ಜಿಲ್ಲೆಯವರೂ ಹೋಗುತ್ತಾರೆ, ಎಲ್ಲ ಜಾತಿಯವರೂ ಹೋಗುತ್ತಾರೆ. ಅಲ್ಲಿನ ಲಿಂಗ ಮಂಗಳೂರಿನ ಕದ್ರಿಯಿಂದ ಬಂದದ್ದು ಅಂತ ನಂಬಿಕೆ. ಕದ್ರಿಯ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಮೇಲೆ 968ರ ಶಾಸನವಿದೆ. ಅಷ್ಟು ಹಳೆಯ ಜಾಗ ಅದು. ‘ಮಂಜು’ ಅಂದರೆ ಬೆಳಗಿನ ಇಬ್ಬನಿ, ಮಂಜು ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲಿ ಅದು ಸಂಸ್ಕೃತದ ಮಂಜು, ಚೆಲುವು ಅಂತ ಅರ್ಥ.

ಬಸವ ಅನ್ನುವುದು ವೃಷಭದ ಕನ್ನಡ ರೂಪ, ಅಂದರೆ ಎತ್ತು, ನಂದಿ. ಹನ್ನೆರಡನೇ ಶತಮಾನದ ಬಸವಣ್ಣನಿಂದ ಅದು ಮನೆಮನೆಗೆ ಹೋಯಿತು. ಲಿಂಗ ನಮ್ಮ ಬಾಯಲ್ಲಿ ನಿಂಗ ಆಗಿ ನಿಂಗಪ್ಪ, ನಿಂಗವ್ವ ಹುಟ್ಟಿದರು. ತಿರುಮಲ ಸವೆದು ತಿಮ್ಮ ಆಯಿತು, ತಿಮ್ಮಪ್ಪ ಆಯಿತು. ಕೊನೆಯಲ್ಲಿ ಬರುವ ಅಪ್ಪ, ಅಣ್ಣ, ಅಯ್ಯ, ಅಕ್ಕ, ಅವ್ವ ಎಲ್ಲ ಮನೆಯ ಸಂಬಂಧಗಳೇ. ಅತ್ತಿಮಬ್ಬೆಯ ಹೆಸರಿನಲ್ಲಿರುವ ‘ಅಬ್ಬೆ’ಯೂ ತಾಯಿಯೇ. ತೊಟ್ಟಿಲ ಕೂಸನ್ನೂ ಅಪ್ಪ, ಅವ್ವ ಅಂತ ಕರೆಯುವ ಈ ರೂಢಿ ನನಗೆ ಬಹಳ ಇಷ್ಟ.

ಇನ್ನೊಂದು ಬಗೆಯ ಹೆಸರುಗಳಿವೆ. ಗುಂಡ, ಕಲ್ಲ, ಹುಚ್ಚಪ್ಪ, ತಿಪ್ಪ. ಇವನ್ನು ಕೇಳಿ ಪೇಟೆಯಲ್ಲಿ ನಗುತ್ತಾರೆ. ದಯವಿಟ್ಟು ನಗಬೇಡಿ. ಎರಡು ಮೂರು ಕೂಸು ಕಳೆದುಕೊಂಡ ತಾಯಿ, ಮುಂದಿನದಕ್ಕೆ ಬೇಕಂತಲೇ ಬೇಡದ ಹೆಸರಿಡುತ್ತಿದ್ದಳು. ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತರುವುದೂ ಇತ್ತು. ಕಸದಂಥ ಹೆಸರಿನ ಕೂಸನ್ನು ಸಾವು ಮುಟ್ಟದಿರಲಿ ಅನ್ನುವ ಆಸೆ ಅದು.

ಒಂದೇ ಹೆಸರು ಮತ್ತೆ ಮತ್ತೆ ಬರಲು ಮುಖ್ಯ ಕಾರಣ ಅಂದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು. ನಮ್ಮಜ್ಜನ ಹೆಸರೇ ನನಗೆ ಇಟ್ಟಿದ್ದು. ಆದರೆ ಸೊಸೆ ಮಾವನ ಹೆಸರು ಹಿಡಿಯುವಂತಿಲ್ಲ. ಅದಕ್ಕೆ ನಮ್ಮವ್ವ ನನ್ನನ್ನು ಇವತ್ತಿಗೂ ಅಜ್ಜಪ್ಪ ಅಂತಲೇ ಕರೆಯುವುದು. ಒಮ್ಮೆ ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳಲು ಮನೆಗೆ ಬಂದಿದ್ದರು. ನಾನಾಗ ಎರಡನೇ ಕ್ಲಾಸು. ‘ಯಜಮಾನರ ಹೆಸರೇನಮ್ಮ?’ ಅಂದರು. ನಮ್ಮಜ್ಜಿ ಬಾಗಿಲ ಹಿಂದಿನಿಂದ ನನ್ನನ್ನು ಮುಂದಕ್ಕೆ ತಳ್ಳಿದಳು. ‘ಇವ್ನ ಕೇಳ್ರಿ.’ ನಾನು ಕೊಟ್ರೇಶ ಅಂದೆ. ‘ಅದೇ ರೀ. ಕೊನಿಗೆ ಅಪ್ಪ ಹಚ್ಚಿ ಬರ್ಕಳ್ರಿ’ ಅಂದಳು. ಗಂಡನ ಹೆಸರು ಅವಳ ಬಾಯಿಂದ ಬರಲೇ ಇಲ್ಲ.

ಅಜ್ಜಿ ಹೇಳಿದ ಆ ವ್ಯತ್ಯಾಸದಲ್ಲೇ ಎರಡು ತಲೆಮಾರಿನ ಕತೆ ಇದೆ. ಅಜ್ಜಂದಿರು ಕೊಟ್ರಪ್ಪ, ಮಂಜಪ್ಪ, ಬಸಪ್ಪ. ಶಾಲೆಗೆ ಹೋದ ಮೊಮ್ಮಕ್ಕಳು ಕೊಟ್ರೇಶ, ಮಂಜುನಾಥ, ಬಸವರಾಜ. ದೇವರು ಅವನೇ, ಬಾಲ ಮಾತ್ರ ಹೊಸದು. ಈಗಿನ ಮಕ್ಕಳ ಹೆಸರಿನಲ್ಲಿ ದೇವರೂ ಇಲ್ಲ, ಊರೂ ಇಲ್ಲ. ಎರಡಕ್ಷರ, ಮೂರಕ್ಷರ. ಕರೆಯಲು ಸುಲಭ, ಕೇಳಲು ಚೆಂದ, ಒಪ್ಪುತ್ತೇನೆ. ಆದರೆ ಹೆಸರು ಕೇಳಿ ‘ನಿಮ್ಮದು ಯಾವ ಕಡೆ?’ ಅಂತ ಮಾತು ಶುರು ಮಾಡಲು ಆಗುವುದಿಲ್ಲ. ನನಗೆ ಅದು ನಷ್ಟವೇ.

ನನ್ನ ಮಗಳಿಗೂ ರೆಕಾರ್ಡಿನಲ್ಲಿ ಅಂಥದ್ದೇ ಚಿಕ್ಕ ಹೆಸರಿದೆ, ಅವಳ ತಾಯಿ ಆರಿಸಿದ್ದು. ತೊಟ್ಟಿಲಿಗೆ ಹಾಕುವ ದಿನ ನನ್ನ ಅಕ್ಕ ಬಗ್ಗಿ, ಕೂಸಿನ ಕಿವಿಯಲ್ಲಿ ಮೊದಲು ಕೊಟ್ರಮ್ಮ ಅಂದಳು. ಆಮೇಲೆ ಆ ಹೆಸರು.