ಮಣ್ಣಿನ ರಾಶಿ 52ನೇ ಪುಟಕ್ಕೆ ಬಂದರೆ ತಡವಾಯಿತು

ಆತ್ಮೀಯರೇ,

ಕಾಸರಗೋಡಿನ ಬದಿಯಡ್ಕದಿಂದ ನೀವು ಕಳಿಸಿದ 164 ಪುಟಗಳ ಚಿತ್ರಕಥೆಯನ್ನು ಪೂರ್ತಿ ಓದಿದ್ದೇವೆ. 2020ರ ಮಾರ್ಚಿನಲ್ಲಿ ಕೊರೊನಾ ತಡೆಯಲೆಂದು ಕರ್ನಾಟಕವು ಕೇರಳದ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಅಮ್ಮನನ್ನು ಡಯಾಲಿಸಿಸ್‌ಗೆ ಮಂಗಳೂರಿಗೆ ಕರೆದೊಯ್ಯಲಾಗದ ಮಗಳ ಕಥೆ. ವಸ್ತು ಗಟ್ಟಿಯಾಗಿದೆ. ಆದರೆ ಈಗಿರುವ ರೂಪದಲ್ಲಿ ಯಾರ ಕೈಗೂ ಕೊಡಬೇಡಿ.

ಆ ಮಣ್ಣು ಕಾಣಿಸುವುದು 52ನೇ ಪುಟದಲ್ಲಿ. ಪುಟಕ್ಕೊಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷ್ ಚಿತ್ರಕಥೆಗಳ ‘ಕೂರಿಯರ್’ ಎಂಬ ಫಾಂಟಿನ 12 ಪಾಯಿಂಟ್ ಅಕ್ಷರದ್ದು, ಕನ್ನಡಕ್ಕೆ ಸರಿಹೊಂದುವುದಿಲ್ಲ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಹೇಗೆ ಅಳೆದರೂ ಪ್ರೇಕ್ಷಕ ಮುಕ್ಕಾಲು ಗಂಟೆ ಕಾಯಬೇಕು. ಅಷ್ಟು ಹೊತ್ತು ಅಪ್ಪ ಜಗಲಿಯಲ್ಲಿ ಕೂತು ಕಾಸರಗೋಡು ಕೇರಳಕ್ಕೆ ಸೇರಿದ 1956ರ ರಾಜ್ಯ ವಿಂಗಡಣೆ, ಕನ್ನಡ ಶಾಲೆಗಳ ಪಾಡು ಎಲ್ಲವನ್ನೂ ಮಗಳಿಗೆ ವಿವರಿಸುತ್ತಾರೆ. ಅದೆಲ್ಲ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಶಾಲೆಯ ಎಳೆಯನ್ನಂತೂ ತೆಗೆಯಲೇಬೇಕು: ಕಾಸರಗೋಡಿನ ಕನ್ನಡ ಶಾಲೆಯ ಸಿನಿಮಾ 2018ರಲ್ಲೇ ಬಂದಿದೆ, ಕಥೆ ಕೇಳುವ ನಿರ್ಮಾಪಕ, ನಿರ್ದೇಶಕರು ಮೊದಲು ಅದನ್ನೇ ಎತ್ತುತ್ತಾರೆ. ಮಣ್ಣು 15ನೇ ಪುಟದೊಳಗೆ ಬೀಳಲಿ.

ನಿಮ್ಮ ಕಥೆಯನ್ನು ಓಡಿಸಬೇಕಾದ್ದು ಡಯಾಲಿಸಿಸ್. ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಿಗೆ ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ನಿಮ್ಮಲ್ಲಿ ಎರಡು ಸರದಿ ತಪ್ಪಿದ ಮೇಲೂ ಅಮ್ಮ ಎಂದಿನಂತೆ ಗಂಜಿ ಬಸಿಯುತ್ತಿದ್ದಾರೆ! ಬದಲಿಗೆ ಹೀಗೆ ನೋಡಿ: ಮೊದಲ ದಿನ ಅಮ್ಮ ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತಾರೆ. ಮೂರನೇ ದಿನ ಬಳೆ ಕೈಯಿಂದ ಕಳಚುವುದಿಲ್ಲ. ಐದನೇ ರಾತ್ರಿ ಗೋಡೆಗೆ ಒರಗಿ ಕೂತೇ ಇರುತ್ತಾರೆ. ಒಂದು ಮಾತೂ ಬೇಡ. ‘ಅವಳ ಮನದಲ್ಲಿ ನೋವು ಮಡುಗಟ್ಟಿತ್ತು’ ಎಂದು ಬರೆದಿದ್ದೀರಿ. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ, ಬಳೆ ಕಾಣುತ್ತದೆ.

ಇನ್ನು ಭಾಷೆ. ಗಡಿಯ ತಲಪಾಡಿಯ ಸೀನಿನಲ್ಲಿ ಕೇರಳ, ಕರ್ನಾಟಕ ಎರಡೂ ಕಡೆಯ ಪೊಲೀಸರು ಪಠ್ಯಪುಸ್ತಕದ ಕನ್ನಡ ಆಡುತ್ತಾರೆ. ನಿಮ್ಮೂರಿನ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಮಲಯಾಳಂ, ಪಕ್ಕದವರ ಹತ್ತಿರ ತುಳು, ಫೋನಿನಲ್ಲಿ ಅಮ್ಮನ ಹತ್ತಿರ ಹವ್ಯಕ ಕನ್ನಡ ನಡೆಯುತ್ತದಲ್ಲ, ಅದನ್ನೇ ಬರೆಯಿರಿ. ಮಲಯಾಳಂ ಮಾತನ್ನು ಕನ್ನಡ ಲಿಪಿಯಲ್ಲಿಟ್ಟು, ಪಾತ್ರದ ಹೆಸರಿನ ಪಕ್ಕ ಭಾಷೆ ನಮೂದಿಸಿ, ಕೆಳಗೆ ಅರ್ಥ ಕೊಡಿ. ಈಚೆಯವರಿಗೆ ಮಲಯಾಳಂ, ಆಚೆಯವರಿಗೆ ಕನ್ನಡ, ಎರಡರಲ್ಲೂ ಬೇಡಿಕೊಂಡು ಅವಳಿಗೆ ದಾರಿ ಸಿಗದಿರುವುದೇ ಆ ಸೀನ್. ಅಪ್ಪ ಜಗಲಿಯಲ್ಲಿ ಹೇಳಿದ ಇತಿಹಾಸವೆಲ್ಲ ಅಲ್ಲಿಯೇ ಅರ್ಥವಾಗುತ್ತದೆ.

ಗಾಂಧಿನಗರದಲ್ಲಿ ಸ್ಕ್ರಿಪ್ಟ್ ಓದುವವರಿಗಿಂತ ಕಥೆ ಕೇಳುವವರೇ ಹೆಚ್ಚು. ಎರಡು ಸಾಲಿನಲ್ಲಿ ಕಥೆಯ ತಿರುಳು ಹೇಳುವ ಒನ್‌ಲೈನ್, ಒಂದು ಪುಟದ ಕಥಾಸಾರ ಅಂದರೆ ಸಿನಾಪ್ಸಿಸ್, 20 ನಿಮಿಷದಲ್ಲಿ ಬಾಯಲ್ಲಿ ಹೇಳುವ ಕಥೆ ಸಿದ್ಧವಿರಲಿ. ಸಿನಾಪ್ಸಿಸ್‌ನಲ್ಲಿ ಅಂತ್ಯ ಮುಚ್ಚಿಡಬೇಡಿ. ಸ್ಟಾರ್‌ಗಳ ಮನೆಬಾಗಿಲಿಗಿಂತ, ಸಣ್ಣ ಬಜೆಟ್ಟಿನಲ್ಲಿ ಒಂದೆರಡು ಸಿನಿಮಾ ಮಾಡಿದ ನಿರ್ದೇಶಕರ ಕೋ-ಡೈರೆಕ್ಟರ್‌ಗಳನ್ನು ಹುಡುಕಿ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಚಿತ್ರಕಥೆಗಾರರ ಕಾರ್ಯಾಗಾರ ‘ಸ್ಕ್ರೀನ್‌ರೈಟರ್ಸ್ ಲ್ಯಾಬ್’ ಪ್ರಕಟಣೆಯ ಮೇಲೂ ಕಣ್ಣಿಡಿ.

ಕಥೆ ಹೇಳಲು ಹೊರಡುವ ಮೊದಲು ಕಾಪಿರೈಟ್ ಕಚೇರಿಯಲ್ಲಿ ಆನ್‌ಲೈನ್ ನೋಂದಣಿ ಮಾಡಿಸಿ. ಶುಲ್ಕ 500 ರೂಪಾಯಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಕಾನೂನಿನ ರಕ್ಷಣೆ ಬರೆದ ರೂಪಕ್ಕೆ, ಬರೀ ಎಳೆಗಲ್ಲ. ಆದ್ದರಿಂದ ಪೂರ್ತಿ ಸ್ಕ್ರಿಪ್ಟನ್ನೇ ನೋಂದಾಯಿಸಿ. ಕಥೆ ಹೇಳಿ ಬಂದ ದಿನವೇ ಏನು ಹೇಳಿದಿರೆಂದು ಅವರಿಗೊಂದು ಇಮೇಲ್ ಹಾಕಿ.

110 ಪುಟಕ್ಕೆ ಇಳಿಸಿ, ಮೊದಲ 30 ಪುಟ ಮತ್ತು ಸಿನಾಪ್ಸಿಸ್ ನಮಗೆ ಕಳಿಸಿ. ಖಂಡಿತ ಓದುತ್ತೇವೆ.

— ಸಂಪಾದಕರು