29ಕ್ಕೆ ಟ್ರೈನಿ: ಕಬಡ್ಡಿ ಬಿಟ್ಟು ಬಂದ ಒಬ್ಬರ ಪ್ರಕರಣ

ಹೆಸರು, ಊರು, ಆಡಿದ ಟೀಮು ಎಲ್ಲ ಬದಲಿಸಿದ್ದೇನೆ, ಬರೀಲಿಕ್ಕೆ ಅವರ ಒಪ್ಪಿಗೆ ಉಂಟು. ಸುಕೇಶ ಅಂತ ಕರೆಯುವ. ವಯಸ್ಸು 29, ಉಡುಪಿ ಕಡೆಯವರು. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ ಆದ್ರೆ ಅದನ್ನಿಟ್ಟು ಒಂದು ದಿನ ಕೂಡ ಕೆಲಸ ಮಾಡಿದವರಲ್ಲ, ಯಾಕಂದ್ರೆ ಪಾಲಿಟೆಕ್ನಿಕ್ ಮುಗಿಯುವಾಗಲೇ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಒಳ್ಳೆ ರೈಡರ್ ಅಂತ ಹೆಸರಾಗಿತ್ತು, ಮತ್ತೆ ಕಾಂಟ್ರಾಕ್ಟ್ ಸಿಕ್ತು, ಟಿವಿಯಲ್ಲಿ ಬಂದ್ರು, ಊರಲ್ಲಿ ಫ್ಲೆಕ್ಸ್ ಹಾಕಿದ್ರು. ಬಲ ಮೊಣಕಾಲಿನ ಎಸಿಎಲ್, ಅಂದ್ರೆ ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಒಮ್ಮೆ ಹರಿದು ಆಪರೇಷನ್ ಮಾಡಿಸಿ ವಾಪಸ್ ಮ್ಯಾಟಿಗೆ ಇಳಿದಿದ್ರು, ಎರಡನೇ ಸಲ ಅದೇ ಕಾಲು ಹೋದಾಗ ಟೀಮಿನವರು ಫೋನ್ ಎತ್ತುದು ನಿಲ್ಲಿಸಿದ್ರು.

ಮಂಗಳೂರಿನ ನನ್ನ ಕೌನ್ಸೆಲಿಂಗ್ ರೂಮಿಗೆ ಮೊದಲ ಸಲ ಬರುವಾಗ ಅಮ್ಮ ಮತ್ತು ಮಾವ ಜೊತೆಗಿದ್ರು, ಮಾತಾಡಿದ್ದು ಹೆಚ್ಚು ಮಾವನೇ. "ನಮ್ಮ ಕುಂಬ್ಳೆ ಇಂಜಿನಿಯರ್ ಅಲ್ವಾ ಮೇಡಂ, ಶ್ರೀನಾಥ್ ಇಂಜಿನಿಯರ್, ಇವನಿಗೆ ಎಂತ ಆಗುದು?" ಈ ಮಾತನ್ನು ನಾನು ಬೇರೆ ಮನೆಯವರಿಂದ ಕೂಡ ಕೇಳಿದ್ದೇನೆ, ಹಾಗಾಗಿ ಇಲ್ಲಿ ಹೇಳಿಬಿಡ್ತೇನೆ. ಅನಿಲ್ ಕುಂಬ್ಳೆ ಬೆಂಗಳೂರಲ್ಲಿ ಮೆಕ್ಯಾನಿಕಲ್ ಓದಿದ್ದು, ಜಾವಗಲ್ ಶ್ರೀನಾಥ್ ಮೈಸೂರಲ್ಲಿ ಇನ್‌ಸ್ಟ್ರುಮೆಂಟೇಶನ್ ಓದಿದ್ದು, ಇಬ್ಬರೂ ಓದಿಕೊಂಡು ಆಟಕ್ಕೆ ಹೋದವರು. ಆಟ ಮುಗಿದ ಮೇಲೆ ಕಾಲು ನೋಯಿಸಿಕೊಂಡು ವರ್ಕ್‌ಶಾಪಿನ ಬಾಗಿಲು ತಟ್ಟುವವನಿಗೆ ಆ ಉದಾಹರಣೆ ಕೊಟ್ರೆ ಅವನು ಇನ್ನಷ್ಟು ಕುಗ್ಗುದು ಅಷ್ಟೆ. ಅಮ್ಮನಿಗೆ ರೈಲ್ವೆ ಸ್ಪೋರ್ಟ್ಸ್ ಕೋಟಾದ ಆಸೆ. ಅಲ್ಲಿ ಟ್ರಯಲ್ಸಿಗೆ ಓಡ್ಬೇಕು, ಈ ಮೊಣಕಾಲಲ್ಲಿ ಅದು ಆಗುದಿಲ್ಲ ಅಂತ ಅವರಿಗೆ ಮಗ ಹೇಳಿರ್ಲಿಲ್ಲ.

ಎರಡನೇ ಸಲ ಒಬ್ಬರೇ ಬಂದ್ರು. ಆಗ ಹೊರಗೆ ಬಂದದ್ದು ಇಂಟರ್‌ವ್ಯೂ ಕತೆ. ಒಂದು ಕಂಪನಿಯಲ್ಲಿ ಇವರ ಕೈಗೆ ವರ್ನಿಯರ್ (ಸಣ್ಣ ಅಳತೆ ತೆಗೆಯುವ ಸಾಧನ) ಕೊಟ್ಟು ಒಂದು ಬುಷ್, ಅಂದ್ರೆ ಕೊಳವೆಯ ಹಾಗಿನ ಬಿಡಿಭಾಗ, ಅಳತೆ ಮಾಡಿ ಅಂದ್ರಂತೆ, ಮೇನ್ ಸ್ಕೇಲ್ ಓದಿದ್ರು, ಯಾವ ಗೆರೆ ಯಾವುದಕ್ಕೆ ಕೂಡ್ತದೆ ಅಂತ ನೋಡುವಾಗ ಕೈ ನಡುಗ್ಲಿಕ್ಕೆ ಸುರುವಾಯ್ತು, ಲೀಸ್ಟ್ ಕೌಂಟ್, ಅಂದ್ರೆ ಅದರಲ್ಲಿ ಓದಬಹುದಾದ ಅತಿ ಸಣ್ಣ ಅಳತೆ, 0.02 ಮಿ.ಮೀ. ಅಂತ ಬಾಯಿಗೇ ಬರ್ಲಿಲ್ಲ. ಎದುರು ಕೂತವರು ಆಮೇಲೆ "ನೀವು ಟಿವಿಯಲ್ಲಿ ಬರ್ತಿದ್ದ ಸುಕೇಶ್ ಅಲ್ವಾ" ಅಂತ ಕೇಳಿ ಸೆಲ್ಫಿ ತೆಗೆದ್ರಂತೆ. ಕೆಲಸ ಕೊಡ್ಲಿಲ್ಲ. "ಮೇಡಂ, ಬೈದಿದ್ರೆ ಒಳ್ಳೇದಿತ್ತು" ಅಂದ್ರು. ಅಂದಿನಿಂದ ರಾತ್ರಿ ಎರಡು ಗಂಟೆವರೆಗೆ ತನ್ನದೇ ಹಳೇ ರೈಡ್‌ಗಳನ್ನು ಮೊಬೈಲಲ್ಲಿ ನೋಡುದು, ಬೆಳಗ್ಗೆ ಏಳುದು ತಡ, ಊಟ ಅರ್ಧ, ಊರ ಜಾತ್ರೆಗೂ ಹೋಗ್ಲಿಲ್ಲ.

ಮೊದಲು ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆ ಉಂಟು, ಅದನ್ನು ಮಾಡಿದೆ, 27ರಲ್ಲಿ 12 ಬಂತು, ಅಂದ್ರೆ ಮಧ್ಯಮ ಮಟ್ಟದ ಖಿನ್ನತೆ ಇರಬಹುದು ಅಂತ ಸೂಚನೆ. ಸಾಯುವ ಯೋಚನೆ ಬರ್ತದಾ ಅಂತ ನೇರ ಕೇಳಿದೆ, ಇದನ್ನು ಕೇಳ್ಲಿಕ್ಕೆ ಹೆದರುವವರು ಭಾರಿ ಜನ, ಕೇಳಿದ್ರೆ ಆ ಯೋಚನೆ ತಲೆಗೆ ಹಾಕಿದ ಹಾಗೆ ಆಗ್ತದೆ ಅನ್ನುದು ತಪ್ಪು. ಇಲ್ಲ ಅಂದ್ರು. ಆದ್ರೂ ಮನೋವೈದ್ಯರ ಹತ್ರ ಒಮ್ಮೆ ಕಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಅವರ ಮೊಬೈಲಲ್ಲಿ ಅಲ್ಲೇ ಕೂತು ಸೇವ್ ಮಾಡಿಸಿದೆ. ಆ ನಂಬರಿಗೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

ಕಬಡ್ಡಿ ಬಿಟ್ಟು ನಿಮ್ಮ ಬಗ್ಗೆ ಮೂರು ಮಾತು ಹೇಳಿ ಅಂದೆ. ತುಂಬಾ ಹೊತ್ತು ಸುಮ್ಮನೆ ಕೂತ್ರು. "ಅಮ್ಮನ ಮಗ" ಅಂದ್ರು, ಮತ್ತೆ ನಿಂತ್ರು. ಆಟಗಾರ ಅನ್ನುವ ಗುರುತು ಎಷ್ಟು ಗಟ್ಟಿಯೋ ಆಟ ನಿಂತಾಗ ಬೀಳುದೂ ಅಷ್ಟು ಜೋರು, ಈ ಗುರುತನ್ನು ಅಳೆಯುವ ಪ್ರಶ್ನಾವಳಿ 1993ರಿಂದಲೇ ಉಂಟು, ಅಂದ್ರೆ ಸುಕೇಶರಿಗೆ ಆದದ್ದು ಅವರೊಬ್ಬರ ವೀಕ್‌ನೆಸ್ ಅಲ್ಲ, ಲೋಕದಲ್ಲಿ ಎಷ್ಟೋ ಆಟಗಾರರಿಗೆ ಆಗುದು. ಇದು ಕೇಳಿ ಅವರ ಮುಖ ಸ್ವಲ್ಪ ಬಿಟ್ಟಿತು.

ಆಮೇಲೆ ಸಲಹೆ. ಅವರ ತಲೆಯಲ್ಲಿದ್ದದ್ದು ಡಿಸಿಇಟಿ, ಅಂದ್ರೆ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ, ಬರೆದು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿಇ ಎರಡನೇ ವರ್ಷಕ್ಕೆ ಸೇರುದು, ಇಂಜಿನಿಯರ್ ಅಂತ ಹೇಳಿಸಿಕೊಂಡೇ ವಾಪಸ್ ಬರುದು. ಮೂರು ವರ್ಷ. ಮನೆ ಕಟ್ಟಿದ ಸಾಲದ ಇಎಂಐ ಪ್ರತಿ ತಿಂಗಳು ಉಂಟು. ನಾನು ಬೇಡ ಅನ್ಲಿಲ್ಲ, ಈಗ ಬೇಡ ಅಂದೆ, ಮೊದಲು ಕೈಗೆ ಕೆಲಸ ಬರ್ಲಿ, ಮೆಷಿನ್ ಶಬ್ದದ ಮಧ್ಯೆ ಎಂಟು ಗಂಟೆ ನಿಲ್ಲುದು ನಿಮಗೆ ಆಗ್ತದಾ ಅಂತ ಗೊತ್ತಾಗ್ಲಿ, ಅದು ಗೊತ್ತಾಗದೆ ಮೂರು ವರ್ಷ ಇಡುದು ಬೇಡ. ರೆಸ್ಯೂಮಿಂದ "ಟೀಮ್ ಸ್ಪಿರಿಟ್, ಡಿಸಿಪ್ಲಿನ್" ತೆಗೆಸಿದೆ. ಅದನ್ನು ಯಾರೂ ಓದುದಿಲ್ಲ. ಆಡಿದ ವರ್ಷಗಳನ್ನು ಮುಚ್ಚಿಡದೆ ಒಂದೇ ಸಾಲಲ್ಲಿ ಬರೆಯಿರಿ, ಕೆಳಗೆ ಈಗ ಎಂತ ಮಾಡ್ಲಿಕ್ಕೆ ಬರ್ತದೆ ಅಂತ ಮಾತ್ರ ಬರೆಯಿರಿ ಅಂದೆ.

"ಈಗ ಎಂತದೂ ಬರುದಿಲ್ಲ" ಅಂದ್ರು. ಅದಕ್ಕೆ ನಾನು ಕೇಳಿಕೊಂಡದ್ದು, ಪ್ರತಿ ಸಲ ಬಂದಾಗ ಹತ್ತು ನಿಮಿಷ ನನಗೆ ಮೆಕ್ಯಾನಿಕಲ್ ಪಾಠ ಮಾಡಿ ಅಂತ. ನಂಗೆ ನಿಜಕ್ಕೂ ಆ ವಿಷಯ ಗೊತ್ತಿಲ್ಲ, ಅವರಿಗೂ ಅದು ಗೊತ್ತಿತ್ತು, ಹಾಗಾಗಿ ನಾಟಕ ಅನ್ನಿಸ್ಲಿಲ್ಲ. ಹಳೇ ವರ್ನಿಯರ್ ಒಂದು ತಕೊಂಡು ಮನೆಯ ಪೈಪು, ಬೇರಿಂಗು, ಚಮಚ ಎಲ್ಲ ಅಳೆದು ಪುಸ್ತಕದಲ್ಲಿ ಬರ್ಕೊಂಡು ಬರ್ತಿದ್ರು. ನಾಲ್ಕನೇ ಸಲ 25 ಎಚ್7 ಅಂದ್ರೆ ಎಂತ ಅಂತ ಹೇಳಿಕೊಟ್ರು, ತೂತು 25.000 ಮಿ.ಮೀ.ಗಿಂತ ಸಣ್ಣದಾಗ್ಬಾರ್ದು, 25.021ಕ್ಕಿಂತ ದೊಡ್ಡದಾಗ್ಬಾರ್ದು, ಆ 21 ಮೈಕ್ರಾನ್ ಒಳಗೇ ಆಟ ಮೇಡಂ ಅಂದ್ರು. ನಂಗೆ ಅರ್ಥ ಆಗದಾಗ ಕಬಡ್ಡಿ ಅಂಕಣದ ಬೋನಸ್ ಲೈನ್ ಚಿತ್ರ ಬಿಡಿಸಿ ತೋರಿಸಿದ್ರು, ದಾಟ್ಬೇಕು ಆದ್ರೆ ಹಿಡೀಲಿಕ್ಕೆ ಸಿಗ್ಬಾರ್ದು ಅಂತ. ಅವತ್ತು ಅವರೇ ಸುರುವಿನಿಂದ ಕೊನೆವರೆಗೆ ಮಾತಾಡಿದ್ದು, ನಾನು ನೋಟ್ಸ್ ಬರ್ಕೊಂಡೆ.

ಮಾವ ಟ್ರೋಫಿಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ರು, ನೋಡಿದ್ರೆ ಬೇಜಾರಾಗ್ತದೆ ಅಂತ ಹೇಳಿ. ಅದನ್ನು ಕೆಳಗೆ ಇಳಿಸಿ ಅಂತ ನಾನು ಫೋನಲ್ಲಿ ಹೇಳಿದೆ, ಮಾವನಿಗೆ ಅಷ್ಟು ಇಷ್ಟ ಆಗ್ಲಿಲ್ಲ. ಒಬ್ಬನ ಹತ್ತು ವರ್ಷವನ್ನು ಅಟ್ಟಕ್ಕೆ ಹಾಕಿ ಅವನನ್ನು ಗುಣ ಮಾಡ್ಲಿಕ್ಕೆ ಆಗ್ತದೆ ಅಂತ ನಂಗೆ ಅನ್ನಿಸುದಿಲ್ಲ. ಮ್ಯಾಟಿಂದ ಪೂರ್ತಿ ದೂರ ಇರುದೂ ಬೇಡ ಅಂದೆ. ಈಗ ಆದಿತ್ಯವಾರ ಊರ ಶಾಲೆಯ ಮಕ್ಕಳಿಗೆ ಒಂದು ಗಂಟೆ ಕಲಿಸ್ತಾರೆ, ಕೂತು ಕಲಿಸುದು, ಕಾಲು ಬಗ್ಗಿಸಿ ತೋರಿಸ್ಲಿಕ್ಕಿಲ್ಲ.

ಬೈಕಂಪಾಡಿಯ ಒಂದು ಸಣ್ಣ ಮೆಷಿನಿಂಗ್ ಯೂನಿಟ್‌ನಲ್ಲಿ ಕ್ವಾಲಿಟಿ ವಿಭಾಗಕ್ಕೆ ಟ್ರೈನಿ ಆಗಿ ಸೇರಿ ಏಳು ತಿಂಗಳಾಯ್ತು. ಸಂಬಳ ಆಡುವಾಗಿನ ಲೆಕ್ಕದಲ್ಲಿ ಏನೂ ಅಲ್ಲ, ಸೇರುವ ಮೊದಲೇ ಅಮ್ಮನನ್ನು ಕೂರಿಸಿ ಇಎಂಐ, ಅಂಗಡಿ ಬಾಕಿ ಎಲ್ಲ ಒಂದು ಕಾಗದದಲ್ಲಿ ಬರೆಸಿದ್ದೆ, ಕಾರು ಮಾರುದು ಅಂತ ಅಮ್ಮನೇ ಹೇಳಿದ್ರು. ಕಷ್ಟ ಆದದ್ದು ಬೇರೆ ಕಡೆ. ಸೂಪರ್‌ವೈಸರಿಗೆ 24 ವಯಸ್ಸು. "ಅಣ್ಣಾ, ಈ ರೀಡಿಂಗ್ ತಪ್ಪು, ಇನ್ನೊಮ್ಮೆ ತೆಗೀರಿ" ಅಂತ ಎಲ್ಲರ ಎದುರು ಹೇಳಿದಾಗ ಮೈ ಉರೀತದೆ ಅಂದ್ರು. ಕೋಚ್ ಎಲ್ಲರ ಎದುರು ಬೈದಾಗ ಉರೀತಿತ್ತಾ ಕೇಳಿದೆ. ಯೋಚನೆ ಮಾಡಿ, ಇಲ್ಲ, ಅದು ಪಾಯಿಂಟಿಗೆ ಅಂತ ಗೊತ್ತಿತ್ತು ಅಂದ್ರು. ಈ ಮಾತನ್ನು ಇನ್ನೂ ನಾವು ಮುಗಿಸ್ಲಿಲ್ಲ.

ಮೊಣಕಾಲು ಸಂಜೆಗೆ ಊದ್ಕೊಳ್ತದೆ, ಫಿಸಿಯೊ ಹತ್ರ ಕಳಿಸಿದ್ದೇನೆ, ಇನ್‌ಸ್ಪೆಕ್ಷನ್ ಟೇಬಲ್ ಹತ್ರ ಒಂದು ಎತ್ತರದ ಸ್ಟೂಲ್ ಕೇಳಿ ಅಂತಲೂ ಹೇಳಿದ್ದೇನೆ, ಅದನ್ನು ಕೇಳ್ಲಿಕ್ಕೆ ಅವರಿಗೆ ಮೂರು ವಾರ ಬೇಕಾಯ್ತು. ಕೊಟ್ರಂತೆ. ಬಿಇ ವಿಷಯ ಇನ್ನೂ ತೀರ್ಮಾನ ಆಗ್ಲಿಲ್ಲ, ಮುಂದಿನ ಡಿಸಿಇಟಿ ಅರ್ಜಿ ಕರೆಯುವಾಗ ಅಮ್ಮನನ್ನೂ ಕೂರಿಸಿ ಮತ್ತೊಮ್ಮೆ ಆ ಕಾಗದ ತೆಗೆಯುದು ಅಂತ ಮಾತಾಗಿದೆ.